ಮೊಲ ಬಿಟ್ಟು ಆನೆಯ ಹಿಂದೆ

ಬೆಂಗಳೂರಿನ ದರ್ಶಿನಿಗಳಲ್ಲಿ ವ್ಯಾಪಾರದ ನಿಯಮ ಒಂದೇ: ಮೊದಲು ದುಡ್ಡು, ಆಮೇಲೆ ಇಡ್ಲಿ. ಗಲ್ಲಾದಲ್ಲಿ ಕೂತವರು ನಿಮ್ಮ ಹೆಸರು ಕೇಳುವುದಿಲ್ಲ, ನೀವು ಅವರ ಅಡುಗೆಮನೆಯ ಲೈಸೆನ್ಸ್ ಕೇಳುವುದಿಲ್ಲ. ಚೀಟಿ ಕೊಟ್ಟರೆ ತಟ್ಟೆ ಬರುತ್ತದೆ. ನಿಂತೇ ತಿಂದು, ಕೈ ತೊಳೆದು ಹೊರಡುತ್ತೀರಿ. ಚಟ್ನಿ ಸಪ್ಪೆಯಾಗಿದ್ದರೆ ನಾಳೆ ಎದುರುಗಡೆಯ ದರ್ಶಿನಿಗೆ ಹೋಗುತ್ತೀರಿ, ಅಷ್ಟೆ.

ಅದೇ ಮಾಲೀಕರಿಗೆ ಪೀಣ್ಯದ ಕಾರ್ಖಾನೆಯೊಂದರಿಂದ ಫೋನ್ ಬಂತು ಎಂದುಕೊಳ್ಳಿ. ದಿನಕ್ಕೆ ಎಂಟುನೂರು ಊಟ, ಒಂದು ವರ್ಷದ ಕಾಂಟ್ರ್ಯಾಕ್ಟ್. ಮಾಲೀಕರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಖುಷಿಗೆ. ಮರುದಿನದಿಂದ ಬೇರೆ ಕಾರಣಕ್ಕೆ ಬರುವುದಿಲ್ಲ. ಆಹಾರ ಸುರಕ್ಷತೆಯ ಲೈಸೆನ್ಸ್, ಕೆಲಸದವರ ಪಿಎಫ್ ಮತ್ತು ಇಎಸ್‌ಐ ದಾಖಲೆ, ಮೂರು ವರ್ಷದ ಲೆಕ್ಕಪತ್ರ, ನೀರಿನ ಪರೀಕ್ಷೆಯ ವರದಿ, ಎಲ್ಲವೂ ಬೇಕು. ಉಣ್ಣುವವರು ಕಾರ್ಮಿಕರು, ರುಚಿ ನೋಡಿ ತಲೆಯಾಡಿಸುವವರು ಎಚ್‌ಆರ್‌ನವರು, ದರ ಇಳಿಸಲು ಪಟ್ಟು ಹಿಡಿಯುವವರು ಖರೀದಿ ವಿಭಾಗದವರು, ಸಹಿ ಹಾಕುವವರು ಮುಂಬೈಯಲ್ಲಿರುವ ಇನ್ಯಾರೋ. ಬಿಲ್ಲು ಕೊಟ್ಟ ಅರವತ್ತು ದಿನಕ್ಕೆ ದುಡ್ಡು. ಅಷ್ಟು ದಿನದ ಅಕ್ಕಿ, ಬೇಳೆ, ಗ್ಯಾಸು, ಸಂಬಳ ಎಲ್ಲವೂ ಮಾಲೀಕರ ಕೈಯಿಂದಲೇ ಹೋಗಬೇಕು. ಇಡ್ಲಿ ಅದೇ, ಹಿಟ್ಟು ಅದೇ. ಕಸುಬು ಮಾತ್ರ ಬೇರೆ.

ಸಾಫ್ಟ್‌ವೇರ್ ಮಾರುವವರು ಈ ಎರಡನೆಯ ಕಸುಬಿಗೆ ಎಂಟರ್‌ಪ್ರೈಸ್ ಸೇಲ್ಸ್ ಎನ್ನುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳ ಚಂದಾ ಕಟ್ಟುವ ಸಣ್ಣ ಗಿರಾಕಿಗಳನ್ನು ನೆಚ್ಚಿಕೊಂಡು ಶುರುವಾದ ಕಂಪನಿ ಯಾವ ಹೊತ್ತಿಗೆ ದೊಡ್ಡ ಬ್ಯಾಂಕಿನ, ವಿಮಾ ಕಂಪನಿಯ, ಮೋಟಾರು ಕಂಪನಿಯ ಬಾಗಿಲು ತಟ್ಟಬೇಕು ಎನ್ನುವುದು ಈ ಅಧ್ಯಾಯದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ದೊಡ್ಡ ಕಂಪನಿಯೊಳಗೆ ನಿಮ್ಮ ಸರಕು ನಿಮ್ಮನ್ನು ಕೇಳದೆಯೇ ಆಗಲೇ ಹೊಕ್ಕಿರಬೇಕು, ಮತ್ತು ಕಾಯುವಷ್ಟು ಕಾಸು ನಿಮ್ಮ ಹತ್ತಿರ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಹೊತ್ತು ಬಂದಿಲ್ಲ. ಬೆಳವಣಿಗೆ ನಿಧಾನವಾಯಿತು, ಹೂಡಿಕೆದಾರರು ಗದರಿಸಿದರು, ಎದುರಾಳಿ ಒಂದು ಬ್ಯಾಂಕಿನ ಲೋಗೋವನ್ನು ತನ್ನ ಜಾಲತಾಣದಲ್ಲಿ ಹಾಕಿಕೊಂಡ ಎಂಬವು ಕಾರಣಗಳೇ ಅಲ್ಲ. ಆದರೆ ಬಹುಪಾಲು ಕಂಪನಿಗಳು ಮೇಲೆ ಹತ್ತಲು ಹೊರಡುವುದು ಇಂಥ ಕಾರಣಗಳಿಗೇ.

ಆನೆ, ಜಿಂಕೆ, ಮೊಲ

ಬರ್ಲಿನ್‌ನ ಹೂಡಿಕೆದಾರ ಕ್ರಿಸ್ಟೋಫ್ ಯಾನ್ಟ್ಸ್ 2014ರಲ್ಲಿ ಒಂದು ಲೆಕ್ಕ ಬರೆದರು. ವರ್ಷಕ್ಕೆ 10 ಕೋಟಿ ಡಾಲರ್ ವರಮಾನದ ಸಾಫ್ಟ್‌ವೇರ್ ಕಂಪನಿ ಕಟ್ಟಬೇಕಾದರೆ, ತಲಾ ಲಕ್ಷ ಡಾಲರ್ ಕೊಡುವ ಸಾವಿರ ಆನೆ ಬೇಕು. ಇಲ್ಲವೇ ತಲಾ 10,000 ಡಾಲರಿನ 10,000 ಜಿಂಕೆ, ಇಲ್ಲವೇ ತಲಾ 1,000 ಡಾಲರಿನ ಲಕ್ಷ ಮೊಲ. ಇನ್ನೂ ಕೆಳಗಿಳಿದರೆ ತಲಾ 100 ಡಾಲರಿನ ಹತ್ತು ಲಕ್ಷ ಇಲಿ, 10 ಡಾಲರಿನ ಒಂದು ಕೋಟಿ ನೊಣ. ಗಿರಾಕಿಯೇ ದೇವರು ಎಂದು ಗೋಡೆಗೆ ಬೋರ್ಡು ಹಾಕುವ ನಾಡಿನವನಾದ ನನಗೆ ಗಿರಾಕಿಯನ್ನು ಬೇಟೆಯ ಪ್ರಾಣಿ ಎನ್ನುವುದು ಅಷ್ಟಾಗಿ ಹಿಡಿಸುವುದಿಲ್ಲ. ಲೆಕ್ಕ ಮಾತ್ರ ಸೊಗಸಾಗಿದೆ. ಮೊಲಕ್ಕೆ ಬಲೆ ಒಡ್ಡಿ ಮನೆಗೆ ಹೋಗಿ ಮಲಗಬಹುದು. ಆನೆಗಾದರೆ ಖೆಡ್ಡಾ ತೋಡಬೇಕು, ಹತ್ತಾರು ಜನ ತಿಂಗಳುಗಟ್ಟಲೆ ಕಾಡಿನಲ್ಲಿ ಬೀಡುಬಿಡಬೇಕು, ಪಳಗಿದ ಆನೆಗಳೂ ಜೊತೆಗಿರಬೇಕು. ಬಲೆಯವರಿಗೆ ಖೆಡ್ಡಾದ ಕೆಲಸ ಬರುವುದಿಲ್ಲ. ಖೆಡ್ಡಾದವರನ್ನು ಮೊಲಕ್ಕೆ ಕಳಿಸಿದರೆ ಅವರ ಊಟದ ಖರ್ಚೂ ಹುಟ್ಟುವುದಿಲ್ಲ.

ಇದಕ್ಕೂ ಹತ್ತು ವರ್ಷ ಮುಂಚೆ, 2004ರಲ್ಲಿ, ನ್ಯೂಯಾರ್ಕಿನ ಸಾಫ್ಟ್‌ವೇರ್ ಉದ್ಯಮಿ ಜೋಯೆಲ್ ಸ್ಪೋಲ್ಸ್ಕಿ ಬೆಲೆಗಳ ವಿಷಯದಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದರು. ಸಾವಿರ ಡಾಲರಿನೊಳಗೆ ಸಾಫ್ಟ್‌ವೇರ್ ಸಿಗುತ್ತದೆ, 75,000 ಡಾಲರಿನ ಮೇಲೂ ಸಿಗುತ್ತದೆ, ನಡುವೆ ಮಾತ್ರ ಬಯಲು. ಕಾರಣ ಸರಳ. ಸಾವಿರದೊಳಗಾದರೆ ವಿಭಾಗದ ಮ್ಯಾನೇಜರು ಯಾರನ್ನೂ ಕೇಳದೆ ಕಾರ್ಡು ತೆಗೆಯುತ್ತಾರೆ. ಅದನ್ನು ದಾಟಿದರೆ ಅನುಮತಿ, ಕಮಿಟಿ, ಪೈಪೋಟಿಯ ದರಪಟ್ಟಿ ಎಲ್ಲವೂ ಬೇಕಾಗುತ್ತದೆ. ಅಷ್ಟನ್ನೂ ದಾಟಿಸಲು ಮಾರಾಟಗಾರರೊಬ್ಬರು ಬೇಕು, ಅವರಿಗೆ ವಿಮಾನದ ಟಿಕೆಟ್ಟು, ಹೋಟೆಲು, ಕಮಿಷನ್ನು ಬೇಕು. ಮಾರುವ ಖರ್ಚೇ ಹತ್ತಾರು ಸಾವಿರ ಡಾಲರ್ ಮುಟ್ಟುವುದರಿಂದ ಬೆಲೆಯೂ ಒಂದೇ ಜಿಗಿತಕ್ಕೆ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಚಂದಾ ಪದ್ಧತಿ ಬಂದ ಮೇಲೆ ಆ ಬಯಲು ಕಿರಿದಾಗಿದೆ, ಮುಚ್ಚಿಹೋಗಿಲ್ಲ. ಮೇಲೆ ಹತ್ತಲು ಹೊರಟು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಸುಟ್ಟುಕೊಳ್ಳುವುದು ಇದೇ ಬಯಲಿನಲ್ಲಿ.

ಇದನ್ನು ನಮ್ಮ ರೂಪಾಯಿಯಲ್ಲಿ ನೋಡೋಣ. ಅಂಕಿಗಳು ಊಹೆಯವು, ನಿಮ್ಮವನ್ನು ಹಾಕಿಕೊಳ್ಳಿ. ದೊಡ್ಡ ಕಂಪನಿಗಳಿಗೆ ಮಾರಿ ಪಳಗಿದ ಒಬ್ಬರನ್ನು ಸಂಬಳ, ಕಮಿಷನ್ ಸೇರಿ ವರ್ಷಕ್ಕೆ 40 ಲಕ್ಷಕ್ಕೆ ತೆಗೆದುಕೊಂಡಿರಿ. ಮಾರಾಟಗಾರರು ತಮ್ಮ ಗಳಿಕೆಯ ನಾಲ್ಕೈದು ಪಟ್ಟು ವ್ಯಾಪಾರ ತರಬೇಕು ಎಂಬುದು ಈ ಕ್ಷೇತ್ರದ ಹೆಬ್ಬೆರಳ ಲೆಕ್ಕ. ಅಂದರೆ ಸುಮಾರು 2 ಕೋಟಿ. ದೊಡ್ಡ ಕಂಪನಿಯ ಒಂದೊಂದು ವ್ಯವಹಾರ ಮುಗಿಯಲು ಆರು ತಿಂಗಳು, ಒಂಬತ್ತು ತಿಂಗಳು ಹಿಡಿಯುವಾಗ ಒಬ್ಬರು ವರ್ಷಕ್ಕೆ ಹತ್ತು ಮುಗಿಸಿದರೆ ಗಟ್ಟಿಗರು. ಹಾಗಾದರೆ ಒಂದೊಂದೂ 20 ಲಕ್ಷದ್ದಾಗಿರಬೇಕು. ನಿಮ್ಮ ಸರಕಿಗೆ ಈಗ ಅತಿ ಹೆಚ್ಚು ಕೊಡುತ್ತಿರುವ ಗಿರಾಕಿ ವರ್ಷಕ್ಕೆ 2 ಲಕ್ಷ ಕೊಡುತ್ತಿದ್ದಾರೆಯೇ? ಹಾಗಾದರೆ ಅದನ್ನೇ ಹತ್ತು ಪಟ್ಟಿಗೆ ಕೊಳ್ಳಲು ಯಾವ ಕಂಪನಿಗಾದರೂ ಏನು ಕಾರಣವಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಕಾರಣ ಇರಬಹುದು. ಹತ್ತು ಜನ ಬಳಸುವ ಕಡೆ ಸಾವಿರ ಜನ ಬಳಸಬಹುದು. ಆದರೆ ‘ದೊಡ್ಡವರ ಹತ್ತಿರ ದುಡ್ಡಿದೆ’ ಎಂಬುದು ಕಾರಣವಲ್ಲ. ದೊಡ್ಡವರ ಹತ್ತಿರ ದುಡ್ಡು ಉಳಿದಿರುವುದೇ ಅವರು ಅದನ್ನು ಸುಲಭಕ್ಕೆ ಬಿಚ್ಚುವುದಿಲ್ಲವಾದ್ದರಿಂದ.

ಬಳಸುವವರು ಯಾರೂ ಕೇಳದ ಸೌಕರ್ಯಗಳು

ಸಣ್ಣ ಗಿರಾಕಿಯಲ್ಲಿ ಬಳಸುವವರೂ ಕೊಳ್ಳುವವರೂ ಒಬ್ಬರೇ. ದೊಡ್ಡ ಕಂಪನಿಯಲ್ಲಿ ಬಳಸುವವರಿಗೆ ಕೊಳ್ಳುವ ಅಧಿಕಾರವಿಲ್ಲ, ಕೊಳ್ಳುವವರು ಬಳಸುವುದಿಲ್ಲ. ಇವರಿಬ್ಬರ ನಡುವೆ ಬೇಡ ಎನ್ನುವ ಅಧಿಕಾರ ಮಾತ್ರ ಇರುವ ನಾಲ್ಕು ಜನ ಕೂತಿರುತ್ತಾರೆ: ಮಾಹಿತಿ ಭದ್ರತೆಯವರು, ಕಾನೂನಿನವರು, ಖರೀದಿಯವರು, ಹಣಕಾಸಿನವರು.

ಅವರನ್ನು ಗೇಲಿ ಮಾಡುವುದು ಸುಲಭ. ಅವರ ಕುರ್ಚಿಯಲ್ಲಿ ಕೂತು ನೋಡಿ. 20,000 ನೌಕರರ ಕಂಪನಿಯಲ್ಲಿ ಒಬ್ಬ ಅಧಿಕಾರಿ ಶುಕ್ರವಾರ ಸಂಜೆ ಕೆಲಸ ಬಿಟ್ಟು ಎದುರಾಳಿ ಕಂಪನಿ ಸೇರುತ್ತಾರೆ. ಅವರು ಬಳಸುತ್ತಿದ್ದ ನೂರಾರು ಸಾಫ್ಟ್‌ವೇರುಗಳ ಬಾಗಿಲೂ ಶುಕ್ರವಾರ ಸಂಜೆಯೇ ಮುಚ್ಚಬೇಕು. ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇದ್ದರೆ ಅದು ಆಗದ ಮಾತು. ಅದಕ್ಕೇ ಎಲ್ಲಕ್ಕೂ ಕಂಪನಿಯದೇ ಒಂದು ಹೆಬ್ಬಾಗಿಲು ಬೇಕೆಂದು ಹಟ ಹಿಡಿಯುತ್ತಾರೆ. ಸಿಂಗಲ್ ಸೈನ್-ಆನ್ ಎಂದರೆ ಇದೇ. ಯಾವ ಕಡತವನ್ನು ಯಾರು ಯಾವಾಗ ತೆರೆದರು, ಯಾರು ಅಳಿಸಿದರು ಎಂಬ ದಿನಚರಿ ಬೇಕು, ಏಕೆಂದರೆ ನಾಳೆ ಆಡಿಟರ್ ಕೇಳುವುದು ಅವರನ್ನೇ. ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬ ಕಟ್ಟಳೆ ಬೇಕು. ಮಾಹಿತಿ ಯಾವ ದೇಶದ ಸರ್ವರಿನಲ್ಲಿದೆ ಎಂಬುದಕ್ಕೆ ಉತ್ತರ ಬೇಕು. ಇವುಗಳಲ್ಲಿ ಒಂದನ್ನೂ ನಿಮ್ಮ ಸರಕು ಬಳಸುವವರು ಕೇಳಿರುವುದಿಲ್ಲ. ನಿಮ್ಮ ಎಂಜಿನಿಯರುಗಳಿಗೂ ಇದರಲ್ಲಿ ಸ್ವಾರಸ್ಯ ಕಾಣುವುದಿಲ್ಲ. ಆದರೂ ಆರು ತಿಂಗಳು, ಒಂದು ವರ್ಷ ಅವರ ಕೈ ಇದರಲ್ಲೇ ಮುಳುಗಿರುತ್ತದೆ. ಆ ಹೊತ್ತಿನಲ್ಲಿ ಹಳೆಯ ಸಣ್ಣ ಗಿರಾಕಿಗಳಿಗೆ ಹೊಸದೇನೂ ಸಿಗುವುದಿಲ್ಲ. ಈ ಖರ್ಚು ಯಾವ ಬಜೆಟ್ಟಿನಲ್ಲೂ ಕಾಣದು, ಆದರೆ ಎಲ್ಲಕ್ಕಿಂತ ದೊಡ್ಡದು.

ಕಾಗದಪತ್ರಗಳ ಕಾಲಮಾನವೂ ಬೇರೆ. ಎಸ್‌ಒಸಿ 2 ಎಂಬ ಭದ್ರತಾ ವರದಿಯ ಎರಡನೆಯ ಬಗೆಯಲ್ಲಿ ಆಡಿಟರು ನಿಮ್ಮ ನಿಯಮಗಳನ್ನಷ್ಟೇ ಓದುವುದಿಲ್ಲ, ಕೆಲವು ತಿಂಗಳ ಕಾಲ ಅವು ನಿಜಕ್ಕೂ ಪಾಲನೆಯಾದವೇ ಎಂದು ನೋಡುತ್ತಾರೆ. ಗಿರಾಕಿ ಕೇಳಿದ ದಿನ ಶುರು ಮಾಡಿದರೆ ಕೈಗೆ ಬರುವ ಹೊತ್ತಿಗೆ ಅವರ ಬಜೆಟ್ ವರ್ಷವೇ ಮುಗಿದಿರುತ್ತದೆ.

ಬಿಲ್ಲಿಗೂ ಬ್ಯಾಂಕಿಗೂ ನಡುವೆ

ಕಾಯುವಷ್ಟು ಕಾಸು ಎಂದೆ. ಭಾರತದಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ದೇಶದೊಳಗಿನ ದೊಡ್ಡ ಕಂಪನಿಯೊಂದಕ್ಕೆ 30 ಲಕ್ಷದ ವಾರ್ಷಿಕ ಚಂದಾ ಮಾರಿ ಬಿಲ್ಲು ಕೊಟ್ಟಿರಿ. ಅದರ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 5.4 ಲಕ್ಷ. ದುಡ್ಡು ಬಂದ ಮೇಲೆ ತೆರಿಗೆ ಕಟ್ಟಿದರಾಯಿತು ಎಂದುಕೊಂಡರೆ ತಪ್ಪಾಯಿತು. ಬಿಲ್ಲು ಕೊಟ್ಟಿರೆಂದರೆ ತೆರಿಗೆಯ ಹೊಣೆ ಹುಟ್ಟಿತು, ಮುಂದಿನ ತಿಂಗಳೇ ಅದು ಸಲ್ಲಬೇಕು. ಗಿರಾಕಿಯ ಹಣ ಅರವತ್ತೋ ತೊಂಬತ್ತೋ ದಿನಕ್ಕೆ, ಅದೂ ಟಿಡಿಎಸ್ ಮುರಿದುಕೊಂಡು ಬರುತ್ತದೆ. ಮುರಿದುಕೊಂಡದ್ದು ವರ್ಷದ ಕೊನೆಯ ಆದಾಯ ತೆರಿಗೆಯಲ್ಲಿ ಹೊಂದಿಕೊಳ್ಳುತ್ತದೆ ನಿಜ. ನಷ್ಟದಲ್ಲಿರುವ ಕಂಪನಿಗಾದರೆ ಅದು ಮರುಪಾವತಿಯಾಗಿ ಬರುವವರೆಗೂ ಕಾಯಬೇಕು. ಒಟ್ಟಿನಲ್ಲಿ ಗಿರಾಕಿಯಿಂದ ಒಂದು ರೂಪಾಯಿ ಬರುವ ಮುಂಚೆ ನೀವು ಐದೂವರೆ ಲಕ್ಷದ ಹತ್ತಿರ ಕೊಟ್ಟಾಗಿದೆ. ಇಂಥ ನಾಲ್ಕು ಗಿರಾಕಿಗಳನ್ನು ಒಂದೇ ತಿಂಗಳಲ್ಲಿ ಗೆದ್ದ ಸಣ್ಣ ಕಂಪನಿ ಗೆದ್ದ ಸಂಭ್ರಮದಲ್ಲೇ ಸಂಬಳ ಕೊಡಲಾಗದೆ ಒದ್ದಾಡುವುದು ಸಾಧ್ಯ.

ಕಾನೂನಿನ ರಕ್ಷಣೆ ಇದೆ. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ಚಕ್ರಬಡ್ಡಿ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆದರೆ ಅತಿ ದೊಡ್ಡ ಗಿರಾಕಿಯ ಮೇಲೆ ಬಡ್ಡಿಗೆ ದಾವೆ ಹೂಡಿ ಮುಂದಿನ ವರ್ಷವೂ ಅವರ ಕಾಂಟ್ರ್ಯಾಕ್ಟ್ ಉಳಿಸಿಕೊಳ್ಳುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು 2023ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾನೂನಿಗೆ ಸೇರಿಸಿದ ಒಂದು ಸಣ್ಣ ಉಪವಿಧಿ. ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವವರೆಗೆ ಕೊಂಡವರು ಆ ಖರ್ಚನ್ನು ತಮ್ಮ ಲೆಕ್ಕದಲ್ಲಿ ತೋರಿಸುವಂತಿಲ್ಲ. ಮಾರ್ಚ್ ಬಂದರೆ ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗದವರೇ ನಿಮ್ಮ ಉದ್ಯಮ್ ನೋಂದಣಿ ಪತ್ರ ಕೇಳಿ ಫೋನ್ ಮಾಡುವುದು ಇದರಿಂದಲೇ. ಆ ಪತ್ರವನ್ನು ವೆಂಡರ್ ರಿಜಿಸ್ಟ್ರೇಶನ್ ಹೊತ್ತಿನಲ್ಲೇ ಕೊಟ್ಟಿಡಿ.

ಕಾಯುವ ಕಾಸಿಗೆ ಹೊರದೇಶದ ಉದಾಹರಣೆ ಇನ್ನೂ ದೊಡ್ಡದು. ಆರನ್ ಲೆವಿ ವಿದ್ಯಾರ್ಥಿಯಾಗಿದ್ದಾಗಲೇ 2005ರಲ್ಲಿ ಶುರು ಮಾಡಿದ ಬಾಕ್ಸ್ ಎಂಬ ಕಂಪನಿ ಮೊದಲು ಜನಸಾಮಾನ್ಯರ ಕಡತಗಳನ್ನು ಇಡುವ ಕಪಾಟಾಗಿತ್ತು. ಎರಡು ಮೂರು ವರ್ಷದೊಳಗೆ ಅದು ಜನಸಾಮಾನ್ಯರನ್ನು ಬದಿಗಿಟ್ಟು ಕಂಪನಿಗಳ ಕಡೆ ತಿರುಗಿತು. 2014ರ ಮಾರ್ಚಿನಲ್ಲಿ ಷೇರುಪೇಟೆಗೆ ಬರಲು ಅದು ಸಲ್ಲಿಸಿದ ಕಾಗದ ನೋಡಿ ಪೇಟೆ ಕಣ್ಣುಜ್ಜಿಕೊಂಡಿತು. ಆಗಷ್ಟೇ ಮುಗಿದ ಲೆಕ್ಕವರ್ಷದ ವರಮಾನ 12.4 ಕೋಟಿ ಡಾಲರ್. ಮಾರಾಟ ಮತ್ತು ಪ್ರಚಾರದ ಖರ್ಚೊಂದೇ 17.1 ಕೋಟಿ ಡಾಲರ್. ನೂರು ರೂಪಾಯಿಯ ವ್ಯಾಪಾರಕ್ಕೆ ನೂರ ಮೂವತ್ತೆಂಟು ರೂಪಾಯಿ ಮಾರಾಟಕ್ಕೇ ಹೋದ ಹಾಗೆ. ಷೇರು ಬಿಡುಗಡೆ ಮುಂದೆ ಹೋಗಿ, ನಡುವೆ ಖಾಸಗಿ ಬಂಡವಾಳ ಎತ್ತಿ, ಕೊನೆಗೆ 2015ರ ಜನವರಿಯಲ್ಲಿ ಕಂಪನಿ ಪೇಟೆಗೆ ಬಂತು.

ಇದು ಹುಚ್ಚುತನವೇ? ಅಡಿಕೆ ಸಸಿ ನೆಟ್ಟವರನ್ನು ಕೇಳಿ. ಗುಂಡಿ, ಗೊಬ್ಬರ, ನೀರು, ಆಳು ಎಲ್ಲಕ್ಕೂ ಖರ್ಚು ಮೊದಲ ವರ್ಷದಿಂದ. ಫಸಲು ಮಾತ್ರ ಐದಾರು ವರ್ಷ ಕಳೆದ ಮೇಲೆ. ಅಲ್ಲಿಂದಾಚೆ ದಶಕಗಟ್ಟಲೆ ಬರುತ್ತದೆ. ದೊಡ್ಡ ಗಿರಾಕಿಯನ್ನು ಹಿಡಿಯುವ ಖರ್ಚು ಈ ವರ್ಷವೇ ಪೂರ್ತಿ ಆಗಿಹೋಗುತ್ತದೆ, ಚಂದಾ ವರ್ಷವರ್ಷವೂ ತುಸುತುಸುವೇ ಹರಿದು ಬರುತ್ತದೆ. ಬಾಕ್ಸ್ ಉಳಿದುಕೊಂಡಿತು, ಏಕೆಂದರೆ ತೋಟ ಫಲ ಕೊಡುವವರೆಗೆ ಅದಕ್ಕೆ ಬೇರೆಯವರ ದುಡ್ಡು ಸಿಕ್ಕಿತು. ಎಂಟು ತಿಂಗಳ ಸಂಬಳ ಮಾತ್ರ ಬ್ಯಾಂಕಿನಲ್ಲಿಟ್ಟುಕೊಂಡು ಅಡಿಕೆ ಹಾಕಲು ಹೊರಡುವವರಿಗೆ ಈ ಕತೆಯಲ್ಲಿ ಧೈರ್ಯ ತುಂಬುವಂಥದ್ದೇನೂ ಇಲ್ಲ. ಹಣ ಮುಗಿಯುತ್ತಿದೆ, ಆದ್ದರಿಂದ ದೊಡ್ಡ ಗಿರಾಕಿ ಬೇಕು ಎಂಬ ತರ್ಕದಲ್ಲಿ ‘ಆದ್ದರಿಂದ’ ಎಂಬ ಪದವೇ ತಪ್ಪು.

ನಲವತ್ತು ಕಾರ್ಡು, ಒಂದು ಕಂಪನಿ

ಇನ್ನು ಮೊದಲನೆಯ ಷರತ್ತು: ಸರಕು ತಾನಾಗಿ ಒಳಗೆ ಹೊಕ್ಕಿರಬೇಕು. ಇದಕ್ಕೆ ಸ್ಲ್ಯಾಕ್‌ಗಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಸ್ಟುವರ್ಟ್ ಬಟರ್‌ಫೀಲ್ಡ್ ಮತ್ತು ಗೆಳೆಯರು ಕಟ್ಟುತ್ತಿದ್ದುದು ಗ್ಲಿಚ್ ಎಂಬ ಆನ್‌ಲೈನ್ ಆಟ. ಆಟ ಸೋತಿತು, 2012ರ ಕೊನೆಗೆ ಬಾಗಿಲು ಹಾಕಿದರು. ಕೆಲಸದ ಹೊತ್ತಿನಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಲಕರಣೆ ಉಳಿಯಿತು. ಅದನ್ನೇ ತಿದ್ದಿ ಸ್ಲ್ಯಾಕ್ ಎಂಬ ಹೆಸರಲ್ಲಿ 2014ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದರು. ಮಾರಾಟಗಾರರಿಂದ ಹಬ್ಬಿದ ಸರಕಲ್ಲ ಅದು. ಒಂದು ದೊಡ್ಡ ಕಂಪನಿಯ ಯಾವುದೋ ಮೂಲೆಯ ಎಂಟು ಜನರ ತಂಡ ಪುಕ್ಕಟೆ ಶುರು ಮಾಡುತ್ತದೆ. ಹಳೆಯ ಸಂದೇಶಗಳನ್ನು ಹುಡುಕಲು ಬೇಕಾದಾಗ ತಂಡದ ಮುಖ್ಯಸ್ಥರು ತಮ್ಮ ಕಾರ್ಡಿನಲ್ಲಿ ದುಡ್ಡು ಕಟ್ಟುತ್ತಾರೆ. ಮೂರನೆಯ ಮಹಡಿಯವರು ನೋಡಿ ತಮ್ಮದೇ ಇನ್ನೊಂದು ಶುರು ಮಾಡುತ್ತಾರೆ. ಪುಣೆಯ ಕಚೇರಿಯದು ಮತ್ತೊಂದು. ಒಂದೂವರೆ ವರ್ಷದಲ್ಲಿ ಒಂದೇ ಕಂಪನಿಯೊಳಗೆ ನಲವತ್ತು ಬೇರೆ ಬೇರೆ ಗುಂಪು, ನಲವತ್ತು ಬೇರೆ ಬೇರೆ ಬಿಲ್ಲು. ಇದು ಐಟಿ ವಿಭಾಗದ ಕಿವಿಗೆ ಬಿದ್ದ ದಿನವೇ ನಾನು ಹೇಳುತ್ತಿರುವ ಹೊತ್ತು. ಅವರು ಎರಡು ಕೆಲಸ ಮಾಡಬಹುದು. ಎಲ್ಲವನ್ನೂ ನಿಲ್ಲಿಸಬಹುದು, ಆದರೆ ಆಗ ಮುನ್ನೂರು ಜನ ಸಿಟ್ಟಾಗುತ್ತಾರೆ. ಇಲ್ಲವೇ ನಿಮಗೆ ಫೋನ್ ಮಾಡಿ, ಇದನ್ನೆಲ್ಲ ಒಂದು ಸೂರಿನಡಿ ತರಲು ಏನಾದರೂ ದಾರಿ ಇದೆಯೇ ಎಂದು ಕೇಳಬಹುದು. ಅವರಿಗೆ ಬೇಕಾದದ್ದು ಹೊಸ ಸರಕಲ್ಲ, ಮನೆಯೊಳಗೆ ಆಗಲೇ ಬಂದು ಕೂತಿರುವುದರ ಮೇಲೆ ಹತೋಟಿ. ಕೊಳ್ಳಲು ಒಪ್ಪಿಸುವ ಕೆಲಸವನ್ನು ಬಳಸುವವರು ಮುಂಚೆಯೇ ಮಾಡಿ ಮುಗಿಸಿರುತ್ತಾರೆ.

ಸ್ಲ್ಯಾಕ್ ಆ ಸೂರನ್ನು ಎಂಟರ್‌ಪ್ರೈಸ್ ಗ್ರಿಡ್ ಎಂಬ ಹೆಸರಲ್ಲಿ 2017ರ ಜನವರಿ 31ರಂದು ಹೊರತಂದಿತು. ಮೊದಲು ಬಾಗಿಲು ತೆರೆದು ಮೂರು ವರ್ಷ ಆಗಿತ್ತು. ದಿನವೂ ಬಳಸುವವರು 50 ಲಕ್ಷ, ಅವರಲ್ಲಿ ದುಡ್ಡು ಕೊಡುವವರು 15 ಲಕ್ಷ ಇದ್ದರು. ಐಬಿಎಂ, ಪೇಪಾಲ್, ಕ್ಯಾಪಿಟಲ್ ಒನ್‌ನಂಥವರು ಮೊದಲ ಸಾಲಿನಲ್ಲಿ ಬಂದರು. ಫಲ ಏನೆಂಬುದು 2019ರಲ್ಲಿ ಕಂಪನಿ ಷೇರುಪೇಟೆಗೆ ಬರುವಾಗ ಕೊಟ್ಟ ಲೆಕ್ಕದಲ್ಲಿದೆ. ದುಡ್ಡು ಕೊಡುವ 88,000 ಸಂಸ್ಥೆಗಳಲ್ಲಿ ವರ್ಷಕ್ಕೆ ಲಕ್ಷ ಡಾಲರಿಗಿಂತ ಹೆಚ್ಚು ಕೊಡುವವು 575 ಮಾತ್ರ. ನೂರಕ್ಕೆ ಒಂದೂ ಇಲ್ಲ. ಆ 575ರಿಂದ ಬಂದ ವರಮಾನ ಒಟ್ಟಿನಲ್ಲಿ ಸುಮಾರು ಶೇ 40.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಗ್ರಿಡ್ ಬರುವ ಮೂರು ತಿಂಗಳ ಮುಂಚೆ, 2016ರ ನವೆಂಬರಿನಲ್ಲಿ, ಮೈಕ್ರೋಸಾಫ್ಟ್ ಇಂಥದ್ದೇ ಸರಕಾದ ತನ್ನ ಟೀಮ್ಸ್ ಘೋಷಿಸಿತು. ಸ್ಲ್ಯಾಕ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಎದುರಾಳಿಗೆ ಸ್ವಾಗತ ಕೋರಿತು. ಅದು ಆತ್ಮವಿಶ್ವಾಸವೋ ನಡುಕವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಡುಕವೇ ಇರಬೇಕೆಂದು ನನ್ನ ಎಣಿಕೆ. ಆಫೀಸ್ ಚಂದಾ ಕಟ್ಟುತ್ತಿದ್ದ ಕಂಪನಿಗಳಿಗೆ ಟೀಮ್ಸ್ ಅದರ ಜೊತೆಗೇ ಬಂತು, ಹೊಸ ಬಿಲ್ಲಿಲ್ಲ, ಹೊಸ ವೆಂಡರ್ ರಿಜಿಸ್ಟ್ರೇಶನ್ ಇಲ್ಲ, ಹೊಸ ಭದ್ರತಾ ಪರೀಕ್ಷೆಯೂ ಇಲ್ಲ. 2019ರ ಜುಲೈ ಹೊತ್ತಿಗೆ ಅದರ ದಿನಬಳಕೆದಾರರು 1.3 ಕೋಟಿ ಮುಟ್ಟಿ ಸ್ಲ್ಯಾಕನ್ನು ದಾಟಿದರು. ಗಿರಾಕಿಗಳ ಗಡಿಯಾರ ನೋಡಿದರೆ ಸ್ಲ್ಯಾಕ್ ಸರಿಯಾದ ಹೊತ್ತಿಗೇ ಹೊರಟಿತ್ತು. ಎದುರಾಳಿಯ ಗಡಿಯಾರದಲ್ಲಿ ತಡವಾಗಿತ್ತು. ಖರೀದಿ ವಿಭಾಗದ ಪಟ್ಟಿಯಲ್ಲಿ ಮೂವತ್ತು ವರ್ಷದಿಂದ ಹೆಸರಿರುವವರು ನಿಮ್ಮ ಸರಕಿನಂಥದ್ದನ್ನೇ ಕೊಸರಿಗೆ ಕೊಡಬಲ್ಲರೆಂದಾದರೆ, ನಲವತ್ತು ಕಾರ್ಡು ಆಗುವವರೆಗೆ ಕಾಯಬೇಡಿ, ಹತ್ತಕ್ಕೇ ಹೊರಡಿ. ಸ್ಲ್ಯಾಕ್ ಕೊನೆಗೆ 2,770 ಕೋಟಿ ಡಾಲರಿಗೆ ಮಾರಾಟವಾಯಿತು, ವ್ಯವಹಾರ 2021ರ ಜುಲೈಯಲ್ಲಿ ಮುಗಿಯಿತು. ಕೊಂಡದ್ದು ಸೇಲ್ಸ್‌ಫೋರ್ಸ್. ಮಾರಾಟಗಾರರಿಲ್ಲದೆ ಹಬ್ಬಿದ ಸರಕನ್ನು ‘ಮಾರಾಟದ ಪಡೆ’ ಎಂದೇ ಹೆಸರಿಟ್ಟುಕೊಂಡವರು ಕೊಂಡರು.

ಹತ್ತದೆ ಉಳಿದವರು

ಹತ್ತಲೇಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. 2002ರಲ್ಲಿ ಸಿಡ್ನಿಯ ಇಬ್ಬರು ಗೆಳೆಯರು ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಶುರು ಮಾಡಿದ ಅಟ್ಲಾಸಿಯನ್ ವರ್ಷಾನುಗಟ್ಟಲೆ ಮಾರಾಟಗಾರರನ್ನೇ ಇಟ್ಟುಕೊಳ್ಳಲಿಲ್ಲ. ಬೆಲೆ ಜಾಲತಾಣದಲ್ಲಿತ್ತು, ಚೌಕಾಸಿ ಇರಲಿಲ್ಲ. 2009ರಲ್ಲಿ ಹತ್ತು ಜನಕ್ಕೆ ಹತ್ತು ಡಾಲರ್ ಎಂಬ ಬೆಲೆಯಿಟ್ಟು, ಬಂದ ಹಣವನ್ನು ಮಕ್ಕಳ ಓದಿಗೆ ದಾನ ಕೊಟ್ಟರು. 2015ರ ಡಿಸೆಂಬರಿನಲ್ಲಿ ನ್ಯಾಸ್‌ಡ್ಯಾಕ್‌ಗೆ ಬರುವಾಗಲೂ ಮಾರಾಟಕ್ಕಿಂತ ಸರಕನ್ನು ಕಟ್ಟಲೇ ಹೆಚ್ಚು ಖರ್ಚು ಮಾಡುತ್ತಿದ್ದರು. ದೊಡ್ಡವರಿಗೆಂದೇ ಬೇರೆ ಆವೃತ್ತಿ ತಂದದ್ದು 2014ರಲ್ಲಿ, ಶುರುವಾಗಿ ಹನ್ನೆರಡು ವರ್ಷದ ಮೇಲೆ.

ಷಿಕಾಗೋದ ಬೇಸ್‌ಕ್ಯಾಂಪ್‌ನವರದು ಇನ್ನೂ ಬಿಗಿ ನಿಲುವು. ಎಷ್ಟೇ ದೊಡ್ಡ ಕಂಪನಿಯಾಗಲಿ, ಎಷ್ಟೇ ಜನ ಬಳಸಲಿ, ತಿಂಗಳ ಬಿಲ್ಲಿಗೆ ಒಂದು ಮೇಲ್ಮಿತಿ. ಒಬ್ಬನೇ ಗಿರಾಕಿ ಬಹಳ ದೊಡ್ಡವನಾದರೆ ಸರಕು ಹೇಗಿರಬೇಕೆಂದು ಅವನೇ ಅಪ್ಪಣೆ ಕೊಡಲು ತೊಡಗುತ್ತಾನೆ, ಅದು ಬೇಡ ಎಂಬುದು ಅವರ ವಾದ. ಹೊರಗಿನ ಬಂಡವಾಳದ ಒತ್ತಡವಿಲ್ಲದವರಿಗೆ ಸಿಗುವ ಸುಖ ಅದು.

ನಮ್ಮ ಬೆಂಗಳೂರಿನಲ್ಲೇ ಟ್ಯಾಲಿ ಇದೆ. 1986ರಲ್ಲಿ ಶ್ಯಾಮಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಅವರಿಂದ ಬರೆಸಿದ್ದು. ಕಾರ್ಪೊರೇಟ್ ಬಾಗಿಲು ತಟ್ಟುವ ಬದಲು ಊರೂರಿನ ಪಾಲುದಾರರ ಮೂಲಕ ಅದು ಸಣ್ಣ ವ್ಯಾಪಾರಿಯ ಗಲ್ಲಾದ ಪಕ್ಕದಲ್ಲೇ ಬೇರು ಬಿಟ್ಟಿತು. ಚಿಕ್ಕಪೇಟೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಗುಮಾಸ್ತೆಯ ಕೆಲಸಕ್ಕೆ ಹೋದವರಿಗೆ ಮೊದಲ ಪ್ರಶ್ನೆ ‘ಟ್ಯಾಲಿ ಬರುತ್ತಾ?’ ಎಂದೇ. 2009ರಲ್ಲಿ ಅದು ತನ್ನ ಹೆಸರಿಗೆ ದೊಡ್ಡ ಕಂಪನಿಗಳ ನುಡಿಯಾದ ‘ಇಆರ್‌ಪಿ’ಯನ್ನು ಅಂಟಿಸಿಕೊಂಡು ಟ್ಯಾಲಿ ಇಆರ್‌ಪಿ 9 ಆಯಿತು. 2020ರಲ್ಲಿ ಅದನ್ನು ಕಳಚಿ ಟ್ಯಾಲಿ ಪ್ರೈಮ್ ಆಯಿತು. ಹೆಸರಿನಿಂದ ಬಹಳ ಅರ್ಥ ಹಿಂಡಬಾರದು, ಆದರೂ ಆ ಮೂರಕ್ಷರ ಬಂದು ಹೋದದ್ದನ್ನು ನೋಡಿದಾಗ ನನಗೆ ಸಣ್ಣ ನಗು ಬರುತ್ತದೆ.

ಮೇಲೆ ಹತ್ತುವವರು ಕೆಳಗೆ ಬಿಟ್ಟುಹೋಗುವ ಜಾಗವೂ ಖಾಲಿ ಉಳಿಯುವುದಿಲ್ಲ. ಹಾರ್ವರ್ಡಿನ ಕ್ಲೇಟನ್ ಕ್ರಿಸ್ಟೆನ್ಸನ್ 1997ರ ಪುಸ್ತಕದಲ್ಲಿ ಉಕ್ಕಿನ ಉದಾಹರಣೆ ಕೊಟ್ಟಿದ್ದರು. ಲಾಭ ಕಮ್ಮಿ ಎಂದು ದೊಡ್ಡ ಕಾರ್ಖಾನೆಗಳು ಕಟ್ಟಡದ ಕಂಬಿಯನ್ನು ಸಣ್ಣ ಕಾರ್ಖಾನೆಗಳಿಗೆ ಖುಷಿಯಿಂದ ಬಿಟ್ಟುಕೊಟ್ಟವು, ಸಣ್ಣವು ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದವು. ಇದರದೇ ಪುಟ್ಟ ರೂಪ ನಮ್ಮ ಪಕ್ಕದ ಚೆನ್ನೈನಲ್ಲಿ ನಡೆಯಿತು. ಗಿರಾಕಿ ದೂರುಗಳನ್ನು ನಿಭಾಯಿಸುವ ಜೆನ್‌ಡೆಸ್ಕ್ ಎಂಬ ಕಂಪನಿ 2010ರಲ್ಲಿ ಬೆಲೆ ಏರಿಸಿದಾಗ ಸಣ್ಣ ಗಿರಾಕಿಗಳು ರೇಗಿದರು. ಆಗ ಜೋಹೋದಲ್ಲಿದ್ದ ಗಿರೀಶ್ ಮಾತೃಭೂತಂ ಆ ಸಿಟ್ಟನ್ನು ಓದಿ ಅದೇ ವರ್ಷ ಫ್ರೆಶ್‌ಡೆಸ್ಕ್ ಶುರು ಮಾಡಿದರು. ಆ ಕಂಪನಿ ಫ್ರೆಶ್‌ವರ್ಕ್ಸ್ ಎಂಬ ಹೆಸರಲ್ಲಿ 2021ರ ಸೆಪ್ಟೆಂಬರಿನಲ್ಲಿ ನ್ಯಾಸ್‌ಡ್ಯಾಕ್ ಮುಟ್ಟುವ ಹೊತ್ತಿಗೆ ಅದಕ್ಕೆ 52,000ಕ್ಕೂ ಹೆಚ್ಚು ಗಿರಾಕಿಗಳಿದ್ದರು. ಆಮೇಲೆ ಅದೂ ದೊಡ್ಡವರ ಕಡೆ ಮುಖ ಮಾಡಿತು. ಕೆಳಗಿನ ಜಾಗಕ್ಕೆ ಈಗ ಯಾರು ಹೊಂಚುತ್ತಿದ್ದಾರೋ. ಆದ್ದರಿಂದ ಕ್ಯಾಂಟೀನ್ ಕಾಂಟ್ರ್ಯಾಕ್ಟ್ ಹಿಡಿದ ದಿನ ದರ್ಶಿನಿಯ ಗಲ್ಲಾ ಮುಚ್ಚಬೇಡಿ. ಮುಂದಿನ ನಲವತ್ತು ಕಾರ್ಡುಗಳು ಬರಬೇಕಾದದ್ದು ಅಲ್ಲಿಂದಲೇ.

ನಾಳೆ ಬೆಳಿಗ್ಗೆ ಮಾಡಬಹುದಾದ್ದು

ನಿಮ್ಮ ಬಳಕೆದಾರರ ಪಟ್ಟಿ ತೆರೆಯಿರಿ. ಇಮೇಲ್ ವಿಳಾಸದಲ್ಲಿ ‘@’ ಗುರುತಿನ ನಂತರ ಬರುವ ಕಂಪನಿಯ ಹೆಸರನ್ನು ಹಿಡಿದು ಒಟ್ಟುಗೂಡಿಸಿ. ಒಂದೇ ಕಂಪನಿಯ ಎಷ್ಟು ಜನ, ಎಷ್ಟು ಬೇರೆ ಬೇರೆ ಖಾತೆ, ಎಷ್ಟು ಬೇರೆ ಬೇರೆ ಊರು ಎಂಬುದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಕಳೆದ ಆರು ತಿಂಗಳಲ್ಲಿ ಆ ಸಂಖ್ಯೆ ತಾನಾಗಿ ಏರುತ್ತಿದ್ದರೆ ಅದು ಬಾಗಿಲ ಸದ್ದು. ಒಬ್ಬರೇ ಒಬ್ಬರು ಪುಕ್ಕಟೆ ಖಾತೆ ತೆರೆದು ಮರೆತಿದ್ದರೆ ಅದು ಗಾಳಿಯ ಸದ್ದು. ಆಮೇಲೆ ನಿಮ್ಮ ಬಳಿ ಬಂದ ಮನವಿಗಳನ್ನು ನೋಡಿ. ಒಂದು ಕಂಪನಿ ತನಗೆ ಮಾತ್ರ ಹೊಂದುವ ಹತ್ತು ಬದಲಾವಣೆ ಕೇಳುತ್ತಿದೆಯೇ, ಅಥವಾ ಹತ್ತು ಕಂಪನಿಗಳು ಒಂದೇ ಸಿಂಗಲ್ ಸೈನ್-ಆನ್ ಕೇಳುತ್ತಿವೆಯೇ? ಮೊದಲನೆಯದಕ್ಕೆ ಹೂಂ ಎಂದರೆ ಎರಡು ವರ್ಷದಲ್ಲಿ ನೀವು ಅವರ ಹೊರಗುತ್ತಿಗೆಯ ವಿಭಾಗವಾಗಿರುತ್ತೀರಿ. ನಿಮ್ಮ ವರಮಾನದ ಮೂರನೆಯ ಒಂದು ಭಾಗ ಅವರಿಂದಲೇ ಬರುತ್ತಿರುತ್ತದೆ, ಆಗ ಇಲ್ಲ ಎನ್ನುವ ಶಕ್ತಿ ಉಳಿದಿರುವುದಿಲ್ಲ.

ಮೊದಲ ನಾಲ್ಕೈದು ವ್ಯವಹಾರಗಳನ್ನು ಕಂಪನಿ ಕಟ್ಟಿದವರೇ ಖುದ್ದಾಗಿ ಮಾರಬೇಕು. ದೊಡ್ಡ ಹೆಸರಿನ ಕಂಪನಿಯಿಂದ ಬಂದ ಮಾರಾಟಗಾರರನ್ನು ಮೊದಲೇ ತಂದು ಕೂರಿಸಿದರೆ, ಅವರು ಹಳೆಯ ಮನೆಯ ಸಿದ್ಧ ದರಪಟ್ಟಿ, ಸಿದ್ಧ ಕರಾರು, ಹಿಂದೆ ನಿಂತ ಹತ್ತು ಜನರ ತಂಡವನ್ನು ಹುಡುಕುತ್ತಾರೆ. ನಿಮ್ಮಲ್ಲಿ ಅದೊಂದೂ ಇಲ್ಲ. ಸಾಲದ್ದಕ್ಕೆ, ವ್ಯವಹಾರ ಮುರಿದದ್ದು ಸರಕಿನ ದೋಷದಿಂದಲೋ ಬೆಲೆಯ ದೋಷದಿಂದಲೋ ಮಾರಿದವರ ದೋಷದಿಂದಲೋ ಎಂಬುದು ನಿಮಗೆ ತಿಳಿಯುವುದೇ ಇಲ್ಲ.

ದೊಡ್ಡ ಕಂಪನಿಯೊಂದರಿಂದ ಉತ್ಸಾಹದ ಇಮೇಲ್ ಬಂದು, ಫೋನಿನಲ್ಲಿ ಮಾತು ಶುರುವಾದಾಗ ನಿಮ್ಮ ಸರಕಿನ ಬಗ್ಗೆ ಹೇಳುವ ಮುಂಚೆ ಒಂದನ್ನು ಕೇಳಿ: ‘ಸರ್, ನಿಮ್ಮ ವಿಭಾಗ ಕೊನೆಯ ಸಲ ಕೊಂಡ ಸಾಫ್ಟ್‌ವೇರ್ ಯಾವುದು? ಮೊದಲ ಮೀಟಿಂಗ್‌ನಿಂದ ಪರ್ಚೇಸ್ ಆರ್ಡರ್ ಕೈಗೆ ಬರುವವರೆಗೆ ಎಷ್ಟು ತಿಂಗಳು ಹಿಡಿಯಿತು, ಯಾರ‍್ಯಾರು ಸಹಿ ಹಾಕಬೇಕಾಯಿತು?’ ಕೆಲವರು ತಿಂಗಳು, ಹೆಸರು, ಮಹಡಿ ಸಮೇತ ಹೇಳುತ್ತಾರೆ, ಮೂರನೆಯ ಸಹಿ ಹಾಕುವವರು ರಜೆಯಲ್ಲಿದ್ದಾರೆ ಎಂಬುದನ್ನೂ ಸೇರಿಸಿ. ಕೆಲವರು ತುಸು ಹೊತ್ತು ಸುಮ್ಮನಿದ್ದು, ‘ಅದನ್ನು ಕೇಳಿ ಹೇಳಬೇಕಾಗುತ್ತೆ’ ಎನ್ನುತ್ತಾರೆ. ಅವರಿಗೆ ಜಾಲತಾಣದ ಬೆಲೆಪಟ್ಟಿಯ ಕೊಂಡಿ ಕಳಿಸಿ, ಕಾರ್ಡಿನಲ್ಲಿ ಕಟ್ಟಬಹುದು ಎಂದು ಬರೆಯಿರಿ.